ಧೈರ್ಯ ಎಲ್ಲಿಂದ ತರಲಿ? ದೊಡ್ಡಿಯಲ್ಲಿ ಪುಣ್ಯಕೋಟಿ ಏನು ಮಾಡಿದಳು ನೋಡಿ

ತಪ್ಪು ಒಪ್ಪಿಕೊಳ್ಳಬೇಕು, ಕಹಿ ಸುದ್ದಿ ಹೇಳಬೇಕು, ಕೆಲಸ ಬಿಡುತ್ತೇನೆ ಎನ್ನಬೇಕು. "ಎದೆ ಡವಡವ ಅನ್ನುತ್ತೆ, ಅಷ್ಟು ಧೈರ್ಯ ಎಲ್ಲಿಂದ ತರಲಿ?" ಎಂದು ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ: ಗೋವಿನ ಹಾಡನ್ನು ಇನ್ನೊಮ್ಮೆ ಓದಿ.

ಆ ಹಾಡನ್ನು ಸತ್ಯದ ಪಾಠವೆಂದು ಕಲಿತವರು ನಾವು. ಅದರೊಳಗೆ ಧೈರ್ಯದ ಪಾಠವೂ ಇದೆ. ಅರ್ಬುತ ಹುಲಿ ಅಡ್ಡಗಟ್ಟಿದಾಗ ಪುಣ್ಯಕೋಟಿ ಪ್ರಾಣಭಿಕ್ಷೆ ಬೇಡುವುದಿಲ್ಲ. ಏಕೆ ಹೋಗಬೇಕು, ಎಷ್ಟು ಹೊತ್ತು, ಆಮೇಲೇನು, ಮೂರನ್ನೂ ಹೇಳುತ್ತಾಳೆ: ಕರುವಿಗೆ ಮೊಲೆ ಕೊಡಬೇಕು, ಒಂದು ನಿಮಿಷ ಸಾಕು, ಇಲ್ಲಿಗೇ ಬರುತ್ತೇನೆ. ನೀವೂ ಹಾಗೆಯೇ ಕೇಳಿ. "ಯಾವಾಗಲಾದರೂ ಮಾತಾಡಬೇಕಿತ್ತು" ಎಂದರೆ ಆ ದಿನ ಬರುವುದೇ ಇಲ್ಲ, ಹೆದರಿಕೆ ಮಾತ್ರ ಬಲಿಯುತ್ತದೆ. "ನಾಳೆ 11 ಗಂಟೆಗೆ 10 ನಿಮಿಷ ಬೇಕು, ಲೆಕ್ಕದ ವಿಷಯ" ಎಂದುಬಿಟ್ಟರೆ ಕೈಕಾಲು ನಡುಗಿದರೂ ಹೋಗಿಯೇ ಹೋಗುತ್ತೀರಿ.

ಇನ್ನು ದೊಡ್ಡಿ. ನನ್ನ ಮಟ್ಟಿಗೆ ಹಾಡಿನ ಜೀವ ಇರುವುದು ಅಲ್ಲಿ. ತಾಯಿ ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸುವ ರೀತಿ ಗಮನಿಸಿ. "ಸ್ವಲ್ಪ ನೋಡಿಕೊಳ್ಳಿ" ಎಂದಷ್ಟೇ ಹೇಳಿ ಹೊರಡುವುದಿಲ್ಲ. ಎದುರಿಗೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮದೇ ಕಂದ ಅಂದುಕೊಳ್ಳಿ ಎನ್ನುತ್ತಾಳೆ. ತಬ್ಬಲಿ ಕರುವಿಗೆ ಯಾವ ಕಡೆಯಿಂದ ಪೆಟ್ಟು ಬೀಳುತ್ತದೆಂದು ಅವಳಿಗೆ ಗೊತ್ತು. ನಮ್ಮ ಹೆದರಿಕೆಯ ಬಹುಪಾಲೂ ಇಂಥದ್ದೇ: ನನಗೇನಾದರೂ ಆದರೆ ನನ್ನನ್ನು ನಂಬಿದವರ ಗತಿಯೇನು? ಕೆಲಸ ಬಿಡುವ ಮುನ್ನ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ತಿಂಗಳ ಖರ್ಚು ಕೈಯಲ್ಲಿದೆ, ಯಾವ ಕಂತು ಯಾವ ತಾರೀಖಿಗೆ, ಯಾವ ಜವಾಬ್ದಾರಿ ಯಾರಿಗೆ. ಅವರಿಂದ "ಆಯಿತು" ಅನ್ನಿಸಿಕೊಳ್ಳಿ. ಹಾಳೆ ತುಂಬಿದಷ್ಟೂ ಎದೆ ಹಗುರಾಗುತ್ತದೆ.

ಎಷ್ಟೋ ಜನ ಹುಲಿಯ ಮುಂದೆ ಸೋಲುವುದಿಲ್ಲ, ಕರುವಿನ ಮುಂದೆ ಸೋಲುತ್ತಾರೆ. ಸುಮ್ಮನೆ ಇಲ್ಲೇ ಇದ್ದುಬಿಡು ಎಂದು ಅದು ಬೇಡುತ್ತದೆ. ಪುಣ್ಯಕೋಟಿ ಗದರುವುದಿಲ್ಲ, ಕೊಟ್ಟ ಭಾಷೆಗೆ ತಪ್ಪಲಾರೆ ಎಂದಷ್ಟೇ ಹೇಳುತ್ತಾಳೆ. ಮನೆಯವರ ಹತ್ತಿರ "ಹೋಗಲಾ ಬೇಡವಾ" ಎಂದು ಕೇಳಿದರೆ ಪ್ರೀತಿ ಇರುವವರು ಬೇಡ ಎಂದೇ ಅಂದಾರು. ನಿರ್ಧಾರವಾದ ಮೇಲೆ ತಿಳಿಸಿ, ಅವರ ಅಳು ಕೇಳಿಸಿಕೊಳ್ಳಿ, ವಾದಕ್ಕೆ ಇಳಿಯಬೇಡಿ.

ಒಂದು ಎಚ್ಚರಿಕೆ. ಇಲ್ಲಿ ಭಾಷೆ ಕೊಟ್ಟವಳು ಅವಳೇ. ಹೊಡೆಯುವವರ, ಬೆದರಿಸುವವರ ಬಳಿಗೆ ಒಬ್ಬರೇ ಮರಳಿ ಹೋಗಲು ಈ ಹಾಡನ್ನು ದಯವಿಟ್ಟು ನೆಪ ಮಾಡಿಕೊಳ್ಳಬೇಡಿ. ಕೊನೆಗೆ ಹುಲಿಯ ಮನಸ್ಸು ಕರಗುತ್ತದೆ ನಿಜ, ಆದರೆ ಅದನ್ನು ನೆಚ್ಚಿಕೊಂಡು ಅವಳು ಹೋಗಿರಲಿಲ್ಲ.

ಗುಹೆ ಮುಟ್ಟಿದ ಮೇಲೆ ಪೀಠಿಕೆಯೂ ಇಲ್ಲ. ಇಗೋ ಖಂಡ, ಇಗೋ ಮಾಂಸ. ನಿಮ್ಮ ಮೊದಲ ವಾಕ್ಯವೂ ಅಷ್ಟೇ ನೇರವಾಗಿರಲಿ: "ಲೆಕ್ಕ ತಪ್ಪಿದ್ದು ನನ್ನಿಂದ." ಕಾರಣವನ್ನು ಅವರು ಕೇಳಿದಾಗ ಹೇಳಿದರಾಯಿತು.