ಸಂಕದ ಮೇಲೆ ಕೈಕೊಟ್ಟ ಟಾರ್ಚು

ಪಕ್ಕದ ಮನೆಯ ಅಕ್ಕ ಬೆಳಕು ಹರಿಯುವ ಮೊದಲೇ ಹಾಲು ಹಿಡಿದು ಡೈರಿಗೆ ಹೊರಡುವವರು. ದಾರಿಯಲ್ಲಿ ಒಂದು ತೋಡು, ಅದಕ್ಕೆ ಅಡಿಕೆ ಮರದ ಸಂಕ. ಈ ವಾರ ಸಂಕದ ನಡುವಿಗೆ ಬರುವಾಗ ಟಾರ್ಚು ಆರಿಹೋಯಿತು. ಜೋರು ಮಳೆ, ಕೆಳಗೆ ಕೆಂಪು ನೀರು, ಕೈಯಲ್ಲಿ ಹಾಲಿನ ಕ್ಯಾನು. ಕೂತುಕೊಂಡೇ ತೆವಳುತ್ತಾ ಆಚೆ ದಾಟಿದರಂತೆ. ಪುಣ್ಯಕ್ಕೆ ಏನೂ ಆಗಲಿಲ್ಲ.

"ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ. ನಾನೇ ಎಂತದೋ ಹಾಳು ಮಾಡಿರಬೇಕು" ಅಂದರು. ಅವರು ಯಾವಾಗಲೂ ಹೀಗೇ, ಮೊದಲು ತಮ್ಮನ್ನೇ ದೂರಿಕೊಳ್ಳುತ್ತಾರೆ. ಸೆಲ್ ಹೊಸತು, ಉಡುಪಿ ಪೇಟೆಯಿಂದ ತಂದದ್ದು. ಮೇಲೆ ದಪ್ಪಕ್ಕೆ 9900 ಎಂಎಎಚ್ ಎಂದು ಬರೆದಿತ್ತು. ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಲೆಕ್ಕ ಅದು.

ಟಾರ್ಚಿಗೆ ಹಾಕುವ ಈ ಸೆಲ್ಲಿಗೆ 18650 ಎನ್ನುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯ ಒಳಗೂ ಇದೇ ಇರುತ್ತಿತ್ತು. ಒಳ್ಳೆಯ ಕಂಪೆನಿಯವರು ಇಷ್ಟು ಜಾಗದಲ್ಲಿ ಸಾಮಾನ್ಯವಾಗಿ 2000ದಿಂದ 3500 ಎಂಎಎಚ್ ತುಂಬಿಸುತ್ತಾರೆ. 9900 ಎಂದು ಬರೆದಿದ್ದರೆ ಅದು ಸುಳ್ಳು. ಬೇರೆ ಪರೀಕ್ಷೆಯೇ ಬೇಡ.

ಆದರೂ ಅಕ್ಕನಿಗೆ ಕಣ್ಣಾರೆ ತೋರಿಸಬೇಕಿತ್ತು. ನಮ್ಮೂರ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯ ಮೇಲೆ ಅವರ ಸೆಲ್ ಇಟ್ಟೆ. 25 ಗ್ರಾಂ. ನನ್ನ ಟಾರ್ಚಿನಿಂದ ತೆಗೆದ 2600ರ ಸೆಲ್ ಇಟ್ಟೆ. 45 ಗ್ರಾಂ. ಗಾತ್ರ ಒಂದೇ, ತೂಕ ಹೆಚ್ಚು ಕಡಿಮೆ ಅರ್ಧ. ಅಕ್ಕ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟು ನೋಡಿದರು, ಕೈ ಬದಲಿಸಿ ಮತ್ತೆ ನೋಡಿದರು. "ಇದರಲ್ಲಿ ಎಂತದೂ ಇಲ್ವಲ್ಲ!" ಅಂದರು. ತೂಕವೊಂದನ್ನೇ ನಂಬುವ ಹಾಗೂ ಇಲ್ಲ ಅನ್ನಿ. ಒಳಗೆ ಮರಳೋ ಪುಡಿಯೋ ತುಂಬಿ ಭಾರ ಮಾಡುವವರೂ ಇದ್ದಾರೆ. ಖಾಲಿ ಮಾಡಿ ಅಳೆಯುವ ಚಾರ್ಜರ್ ನನ್ನ ಹತ್ತಿರ ಉಂಟು. ಅದಕ್ಕೂ ಹಾಕಿದೆ. 900 ದಾಟಲಿಲ್ಲ.

ಸೆಲ್ ಹಿಡಿದು ಪೇಟೆಯ ಅಂಗಡಿಗೇ ಹೋದೆ. ಅಂಗಡಿಯವರು ಒರಟರಲ್ಲ, ಕೂರಿಸಿ ಮಾತಾಡಿಸಿದರು. ಮೊದಲು ಮೀಟರ್ ಹಚ್ಚಿ ತೋರಿಸಿದರು: "ನೋಡಿ, 4.1 ವೋಲ್ಟ್ ಉಂಟು. ಸರಿಯೇ ಉಂಟಲ್ಲ!" ಚಾರ್ಜ್ ತುಂಬಿದ ಲಿಥಿಯಂ ಸೆಲ್ ಒಳ್ಳೆಯದಿರಲಿ, ಕೆಟ್ಟದ್ದಿರಲಿ, 4.2ರ ಹತ್ತಿರವೇ ತೋರಿಸುತ್ತದೆ. ಎಷ್ಟು ಹೊತ್ತು ಬರುತ್ತದೆ ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಹಾಗೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದ್ದು ಇದು:

"2600 ಬರೆದದ್ದೂ ಇಟ್ಟಿದ್ದೆ ಮಾರಾಯ್ರೆ. 9900 ಪಕ್ಕದಲ್ಲಿ ಇರುವಾಗ 2600 ಯಾರು ತಗೊಳ್ತಾರೆ?"

ಬಸ್ಸಿನಲ್ಲಿ ಬರುವಾಗಲೂ ಇದೇ ಮಾತು. ರಾತ್ರಿ ಮಲಗಿದಾಗಲೂ ಇದೇ. 2600 ಯಾರು ತಗೊಳ್ತಾರೆ? ಅವರು ಹೇಳಿದ್ದರಲ್ಲಿ ನಿಜ ಇದೆ. ನಿಜ ಬರೆದ ಸೆಲ್ ಧೂಳು ಹಿಡಿದು ಕೂತಿರುತ್ತದೆ, ಸುಳ್ಳು ಬರೆದದ್ದು ಖರ್ಚಾಗುತ್ತದೆ. ಪವರ್ ಬ್ಯಾಂಕಿನಿಂದ ಸ್ಪೀಕರ್‌ವರೆಗೆ ಎಲ್ಲದರ ಮೇಲೂ ನಾವು ನೋಡುವುದು ದೊಡ್ಡ ನಂಬರನ್ನೇ ಅಲ್ವಾ?

ಆದರೆ ಅಕ್ಕ ನಂಬರ್ ನೋಡಿ ತಗೊಂಡವರಲ್ಲ. ಆಮೇಲೆ ಕೇಳಿದಾಗ ಹೇಳಿದರು, "ಜಾಸ್ತಿ ಹೊತ್ತು ಉರಿಯುವುದು ಕೊಡಿ" ಎಂದಷ್ಟೇ ಅವರು ಕೇಳಿದ್ದಂತೆ. ಎಂಎಎಚ್ ಎಂದರೆ ಏನೆಂದೇ ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆಯ್ಕೆ ಮಾಡಿದ್ದು ಅಂಗಡಿಯವರ ಕೈ. ಹಾಗಿರುವಾಗ ಗಿರಾಕಿಯ ಮೇಲೆ ಹಾಕಿದರೆ ಹೇಗೆ? ಊರಿನಲ್ಲಿ ಅರ್ಧ ವ್ಯಾಪಾರ ನಡೆಯುವುದೇ "ನೀವೇ ಒಳ್ಳೆಯದು ನೋಡಿ ಕೊಡಿ" ಎನ್ನುವ ಮಾತಿನ ಮೇಲೆ. ಮೀನು, ಬಿತ್ತನೆ ಬೀಜ, ಪಂಪ್‌ಸೆಟ್ಟು ಎಲ್ಲವೂ ಹಾಗೆಯೇ. ಆ ಮಾತು ಕೇಳಿದ ಮೇಲೂ ಗೊತ್ತಿದ್ದೇ ಕೆಟ್ಟದ್ದು ಕೊಡುವುದು ನನಗೆ ಕಳ್ಳತನಕ್ಕಿಂತ ಕಡೆ ಅನ್ನಿಸುತ್ತದೆ. ಕಳ್ಳನನ್ನು ನಾವು ನಂಬಿರುವುದಿಲ್ಲ.

ಇನ್ನೊಂದೂ ಹೊಟ್ಟೆ ಉರಿಸುತ್ತದೆ. ಲಿಥಿಯಂ ಬ್ಯಾಟರಿ ಸಣ್ಣ ವಸ್ತುವಲ್ಲ. 2019ರಲ್ಲಿ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ಇದಕ್ಕಾಗಿಯೇ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅಂಥವರು ಆಯುಷ್ಯ ಸವೆಸಿ ಮಾಡಿದ ವಸ್ತು ಹಾಲು ಕೊಂಡು ಹೋಗುವ ಹೆಂಗಸಿನ ಕೈಗೆ ಬರುವಾಗ ಬರೀ ಹೊದಿಕೆಯಾಗಿ ಬರುತ್ತದೆ.

ಅಕ್ಕನಿಗೆ ಈಗ 2600 ಬರೆದ ಸೆಲ್ ತಂದುಕೊಟ್ಟಿದ್ದೇನೆ, ಗುಣಮಟ್ಟಕ್ಕೆ ಹಾಕುವ ಬಿಐಎಸ್ ಗುರುತು ನೋಡಿ. ಹಳೆಯದನ್ನು ಬಚ್ಚಲ ಒಲೆಗೆ ಹಾಕಲು ಹೊರಟಿದ್ದರು, ತಡೆದೆ. ಇಂಥ ಸೆಲ್ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಎರಡೂ ತುದಿಗೆ ಟೇಪ್ ಸುತ್ತಿ ಇಟ್ಟಿದ್ದೇನೆ, ಇ-ತ್ಯಾಜ್ಯ ತಗೊಳ್ಳುವಲ್ಲಿಗೆ ಕೊಡಬೇಕು.