ಅರ್ಕಾವತ್ತಿನಲ್ಲಿ ಎಡವುವ ಚಿನ್ನು

ಮೈಸೂರು, ಶನಿವಾರ, 14 ಜೂನ್ 2025

ನಾಲ್ಕನೇ ಕ್ಲಾಸಿನ ನಮ್ಮ ಚಿನ್ನುವಿನ ಕಲಿಕೆಯ ಅಸೆಸ್‌ಮೆಂಟ್ ಮುಗಿಯಿತು. ಇವತ್ತು ಥೆರಪಿಸ್ಟ್ ಮೇಡಂ ನಮ್ಮನ್ನು ಕೂರಿಸಿಕೊಂಡು ರಿಪೋರ್ಟ್ ಬಿಡಿಸಿ ಹೇಳಿದರು. ನನ್ನ ಕಣ್ಣು ಅಂಕಗಳ ಪುಟ ಹುಡುಕುತ್ತಿತ್ತು. ಅವರು ಮೊದಲು ತೆಗೆದದ್ದು ಅವನ ತಪ್ಪುಗಳ ಪಟ್ಟಿ. ಎಷ್ಟು ತಪ್ಪಿದ ಅನ್ನೋದಕ್ಕಿಂತ ಹೇಗೆ ತಪ್ಪಿದ ಅನ್ನೋದೇ ಮುಖ್ಯವಂತೆ.

ಕಿವಿ, ಕಣ್ಣಿನ ಪರೀಕ್ಷೆ ಮೊದಲೇ ಆಗಿತ್ತು. 1965ರಲ್ಲಿ ಶುರುವಾದ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇರುವುದು ಮೈಸೂರಿನವರಿಗೆ ದೊಡ್ಡ ಅನುಕೂಲ. ಸರಿಯಾಗಿ ಕೇಳಿಸದ ಮಗುವಿಗೆ ಕಲಿಕೆಯ ತೊಂದರೆ ಅಂತ ಹಣೆಪಟ್ಟಿ ಹಚ್ಚಬಾರದು ಅಲ್ವಾ.

ಮೇಡಂ ಕಥೆ ಓದಿ ಹೇಳಿದಾಗ ಚಿನ್ನು ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಕೊಟ್ಟ. ಅಂಥದ್ದೇ ಇನ್ನೊಂದು ಕಥೆ ಅವನೇ ಓದಬೇಕಾದಾಗ ಅರ್ಧಕ್ಕೇ ಸುಸ್ತು. ಅರ್ಥ ಮಾಡಿಕೊಳ್ಳುವ ಶಕ್ತಿ ಇದೆ, ಅಕ್ಷರ ಬಿಡಿಸುವುದರಲ್ಲೇ ಅದೆಲ್ಲ ಖರ್ಚಾಗುತ್ತಿದೆ.

ಆಮೇಲೆ 'ಟಿಮುಲ', 'ಗಪ್ಪೊಸು' ಥರದ ಅರ್ಥವೇ ಇಲ್ಲದ ಪದಗಳು. ಪಾಠವನ್ನು ಚಿನ್ನು ಬಾಯಿಪಾಠ ಮಾಡಿಬಿಡುತ್ತಾನೆ. ಬೆರಳು ಒಂದು ಸಾಲಲ್ಲಿ, ಬಾಯಿ ಇನ್ನೊಂದು ಸಾಲಲ್ಲಿ. ಎಂದೂ ನೋಡದ ಪದದಲ್ಲಿ ಆ ಆಟ ನಡೆಯಲ್ಲ. ಬರೀ ಗುಣಿತವಿದ್ದರೆ ಓದಿದ, ಒತ್ತು ಬಂದ ಕಡೆ ನಿಂತ. ಉಕ್ತಲೇಖನದಲ್ಲಿ 'ಅಕ್ಕ' ಹೋಗಿ 'ಅಕ' ಆಗಿದೆ. ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. 'ಸೂರ್ಯ' ಅನ್ನುವಾಗ ಬಾಯಿಗೆ ರ್ ಮೊದಲು ಬರುತ್ತದೆ, ಕಣ್ಣಿಗೆ ಯ ಆದಮೇಲೆ ಕಾಣುತ್ತದೆ. ಅವನು ಕಂಡ ಹಾಗೆ 'ಸೂಯರ' ಅಂದ. ನನ್ನನ್ನು ಕೇಳಿದರೆ ತರ್ಕ ಅವನದೇ ಸರಿ!

ಅಂಕಿಗಳನ್ನು ಹಿಂದಿನಿಂದ ಹೇಳುವುದೂ ಇತ್ತು. 5, 2, 9 ಅಂದರೆ 9, 2, 5 ಅನ್ನಬೇಕು. ಕೇಳಿದ್ದನ್ನು ತಲೆಯಲ್ಲಿ ಹಿಡಿದುಕೊಂಡೇ ತಿರುಗಿಸಬೇಕು. ನಾಲ್ಕು ಅಂಕಿಗೆ ಚಿನ್ನು ಕೈಚೆಲ್ಲಿದ. "ಪುಸ್ತಕ ತೆಗಿ, 12ನೇ ಪುಟ ನೋಡು, ಮೂರನೇ ಪ್ರಶ್ನೆ ಬರಿ" ಅಂತ ಒಂದೇ ಉಸಿರಲ್ಲಿ ಹೇಳಿದರೆ ಇವನು ಪುಸ್ತಕ ತೆಗೆದು ಸುಮ್ನೆ ಕೂರುವುದು ಯಾಕೆ ಅಂತ ಈಗ ತಿಳಿಯಿತು.

"ಎಲ್ಲ ಸೋಮಾರಿತನ, ಅವರಪ್ಪನೂ ಚಿಕ್ಕವನಿದ್ದಾಗ ಹಿಂಗೇ ಓದ್ತಿದ್ದ" ಅಂತ ಅತ್ತೆ ಅಂದಿದ್ದರು. ಮೇಡಂ ಸೋಮಾರಿತನ ಬಿಟ್ಟು ಅಪ್ಪನ ಸುದ್ದಿ ಮಾತ್ರ ಬರೆದುಕೊಂಡರು. ಓದಿನ ತೊಂದರೆ ಕೆಲವು ಮನೆತನಗಳಲ್ಲಿ ಹರಿದು ಬರುತ್ತದೆ. ನಮ್ಮ ಯಜಮಾನರು ಕಿಟಕಿ ಕಡೆ ನೋಡುತ್ತಿದ್ದರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕೆಯ ತೊಂದರೆಯೂ ಸೇರಿದೆ. ಆದರೆ ಅಂಗವೈಕಲ್ಯದ ಸರ್ಟಿಫಿಕೇಟಿನ ದಾರಿಯೇ ಬೇರೆ. ಸದ್ಯಕ್ಕೆ ಅದರ ಗೊಡವೆ ಬೇಡ ಅಂದುಕೊಂಡೆವು.

ಮನೆಯಲ್ಲಿ ಅಕ್ಕ, ಅಪ್ಪ, ಅಣ್ಣ ಥರದ ಸಜಾತಿ ಒತ್ತಿನಿಂದ ಶುರು. ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ಸೋಮವಾರ ಶಾಲೆಗೆ ಹೋಗಿ ಮಿಸ್ ಹತ್ತಿರ ಮಾತಾಡಬೇಕು. ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲೇ ಹೇಳಲು ಬಿಡ್ತೀರಾ ಅಂತ ಕೇಳೋದು. ಒಪ್ಪದಿದ್ದರೆ ರಿಪೋರ್ಟಿನ ಆ ಕಥೆಯ ಪುಟ ತೋರಿಸೋದು.