ಹಡಗಿನ ರಾತ್ರಿಯೂಟಕ್ಕೆ ಮಕ್ಕಳ ಉಡುಪು

ದಾವಣಗೆರೆ, 12 ಏಪ್ರಿಲ್ 2025, ಶನಿವಾರ

ಹೊಲಿಯಲು ಕೊಟ್ಟಿದ್ದ ಮಗಳ ಲಂಗ ಮತ್ತು ಮಗನ ಅಂಗಿ ಇವತ್ತು ಬೆಳಿಗ್ಗೆ ಕೈಗೆ ಬಂದವು. ಮೇ ತಿಂಗಳಲ್ಲಿ ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಗಳ ಕ್ರೂಸ್ ಹಡಗಿನ ಪ್ರಯಾಣಕ್ಕೆ ಟಿಕೆಟ್ಟು, ವೀಸಾ ಎಲ್ಲವೂ ಆದ ಮೇಲೂ ನನ್ನ ತಲೆಯಲ್ಲಿ ಬಗೆಹರಿಯದೆ ಉಳಿದಿದ್ದದ್ದು ಒಂಬತ್ತರ ಮಗಳು ಮತ್ತು ಐದರ ಮಗ ಅಲ್ಲಿನ ರಾತ್ರಿಯೂಟಕ್ಕೆ ಏನು ತೊಟ್ಟು ಕೂರಬೇಕು ಎಂಬ ವಿಷಯ. ಹಗಲಿನ ಬಟ್ಟೆಯ ಬಗ್ಗೆ ಚಿಂತೆಯಿಲ್ಲ. ಬೆಳಗಿನ ತಿಂಡಿಗೂ ಬಫೆಗೂ ಚಡ್ಡಿ, ಟೀ ಶರ್ಟು ಸಾಕು. ಈಜುಡುಗೆಯಲ್ಲಿ ಅಥವಾ ಬರಿಗಾಲಲ್ಲಿ ಊಟದ ಜಾಗಕ್ಕೆ ಬರಬಾರದು ಎನ್ನುವುದಷ್ಟೇ ನಿಯಮ. ರಾತ್ರಿ ದೊಡ್ಡ ಡೈನಿಂಗ್ ಹಾಲಿನ ಮಾತು ಬೇರೆ. ಅಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ಒಂದಾದ ಮೇಲೊಂದು ಬಗೆಯನ್ನು ಬಡಿಸುತ್ತ ಒಂದೂವರೆ ಗಂಟೆ ಊಟ ನಡೆಯುತ್ತದೆ. ಸಾಮಾನ್ಯ ರಾತ್ರಿಗಳಲ್ಲಿ ಹುಡುಗರಿಗೆ ಕಾಲರ್ ಇರುವ ಅಂಗಿ ಮತ್ತು ಪ್ಯಾಂಟು, ಹುಡುಗಿಯರಿಗೆ ಫ್ರಾಕು ಅಥವಾ ಸಲ್ವಾರ್ ಇದ್ದರೆ ಸಾಕು. ಇದರ ಮೇಲೆ ಚಿಕ್ಕ ಪ್ರಯಾಣಗಳಲ್ಲಿ ಸಾಮಾನ್ಯವಾಗಿ ಒಂದು, ವಾರದ ಪ್ರಯಾಣಗಳಲ್ಲಿ ಎರಡು ರಾತ್ರಿಗಳನ್ನು ಫಾರ್ಮಲ್ ನೈಟ್ ಎಂದು ಇಟ್ಟಿರುತ್ತಾರೆ. ಅವತ್ತು ದೊಡ್ಡವರು ಸೂಟು, ರೇಷ್ಮೆ ಎಂದು ಸಿಂಗರಿಸಿಕೊಂಡು ಬರುತ್ತಾರೆ, ಛಾಯಾಗ್ರಾಹಕರು ಕ್ಯಾಮೆರಾ ಹಿಡಿದು ಕಾಯುತ್ತಿರುತ್ತಾರೆ. ಹಾಗೆಂದು ಐದು ವರ್ಷದ ಹುಡುಗನಿಗೆ ಟೈ ಇಲ್ಲವೆಂದು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ.

ಇದನ್ನೆಲ್ಲ ಅತ್ತೆಯವರಿಗೆ ವಿವರಿಸಿದಾಗ ಅವರು ಸ್ವಲ್ಪವೂ ಬೆರಗಾಗಲಿಲ್ಲ. "ಉಣ್ಣಾಕ ಕುಂತಾಗ ಮೈಮೇಲೆ ಒಗೆದ ಬಟ್ಟೆ ಇರ್ಬೇಕು ಅನ್ನೋದು ನಮಗೇನು ಹೊಸದಲ್ಲ ಬಿಡವ್ವಾ" ಎಂದರು. ಅವರ ತವರಿನಲ್ಲಿ ಹಬ್ಬದ ದಿನ ಹೊಲದಿಂದ ಬಂದ ಗಂಡಸರು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟ ಮೇಲೆಯೇ ಪಂಕ್ತಿಗೆ ಕೂರುತ್ತಿದ್ದರಂತೆ. ಆ ಮಾತು ಕೇಳಿದ ಮೇಲೆ ಈ ನಿಯಮ ನನಗೆ ಪರದೇಶದ ಕಟ್ಟಳೆಯಾಗಿ ಕಾಣುವುದು ನಿಂತಿತು. ಬಡಿಸುವವನಿಗೂ ಪಕ್ಕದ ಮೇಜಿನವರಿಗೂ ತೋರುವ ಮರ್ಯಾದೆ ಅದು, ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟಿದ್ದೇನೆ.

ಆದರೆ ಆ ಮರ್ಯಾದೆಯ ಹೆಸರಿನಲ್ಲಿ ಮಗುವಿನ ಮೈಯನ್ನು ಹಿಂಸಿಸಬಾರದು ಎನ್ನುವುದನ್ನು ನಾನು ತಡವಾಗಿ ಕಲಿತೆ. ಎರಡು ವರ್ಷದ ಹಿಂದೆ ನೆಂಟರ ಮದುವೆಗೆಂದು ಇಲ್ಲಿಯದೇ ಒಂದು ಅಂಗಡಿಯಲ್ಲಿ ಮಗಳಿಗೆ ನೆಟ್ ಬಟ್ಟೆಯ ರೆಡಿಮೇಡ್ ಗೌನು ಕೊಂಡಿದ್ದೆ. ಊಟದ ಎಲೆಯ ಮುಂದೆ ಕೂತವಳು ತುತ್ತು ಎತ್ತದೆ ಅಳತೊಡಗಿದಾಗ ಹಟವೆಂದು ತಿಳಿದು ಗದರಿದೆ. ಮನೆಗೆ ಬಂದು ಬಿಚ್ಚಿದಾಗ ಕಂಕುಳಿನ ಕೆಳಗೆ, ಕುತ್ತಿಗೆಯ ಸುತ್ತ ಹೊಲಿಗೆಯ ಗುರುತು ಕೆಂಪು ಗೆರೆಯಾಗಿ ಮೂಡಿತ್ತು. ಆ ಗೆರೆಗಳಿಗೆ ಕೊಬ್ಬರಿ ಎಣ್ಣೆ ಸವರುತ್ತ ಕೂತ ರಾತ್ರಿಯನ್ನು ನಾನು ಮರೆತಿಲ್ಲ.

ಹೀಗಾಗಿ ಈ ಸಲ ಬಟ್ಟೆಯಿಂದಲೇ ಶುರು ಮಾಡಿದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿ, ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿನವಳು ನಾನು. ಹತ್ತಿಯ ಮೇಲೆ ನನಗೆ ಸಹಜವಾಗಿಯೇ ಪಕ್ಷಪಾತವಿದೆ. ತೊಡಕಿರುವುದು ಇಸ್ತ್ರಿಯಲ್ಲಿ. ಬೆಂಕಿಯ ಭಯದಿಂದ ಬಹುತೇಕ ಹಡಗುಗಳು ಪ್ರಯಾಣಿಕರ ಕೋಣೆಗೆ ಇಸ್ತ್ರಿ ಪೆಟ್ಟಿಗೆಯನ್ನಾಗಲಿ ಹಬೆಯ ಸ್ಟೀಮರನ್ನಾಗಲಿ ಬಿಡುವುದಿಲ್ಲ, ಹಡಗಿನ ಲಾಂಡ್ರಿಗೆ ಕೊಟ್ಟರೆ ಪ್ರತಿ ಬಟ್ಟೆಗೂ ಹಣ ತೆರಬೇಕು. ಆದ್ದರಿಂದ ಚೌಕಿಪೇಟೆಯ ಅಂಗಡಿಯಲ್ಲಿ ಒಂದೊಂದು ಬಟ್ಟೆಯ ಮೂಲೆಯನ್ನೂ ಮುಷ್ಟಿಯಲ್ಲಿ ಹಿಂಡಿ, ಅರವತ್ತು ಎಣಿಸಿ ಬಿಟ್ಟು ನೋಡಿದೆ. ತೆಳು ಹತ್ತಿ ಹಿಂಡಿದ ಕಾಗದದಂತೆ ಮುದುಡಿಯೇ ಉಳಿಯಿತು. ಗುಳೇದಗುಡ್ಡದ ಖಣ, ಅದರ ನೇಯ್ಗೆಯ ಬಿಗಿಗೋ ಏನೋ, ಕೈಯಿಂದ ಎರಡು ಸಲ ಸವರಿದೊಡನೆ ನೆಟ್ಟಗಾಯಿತು. ಮಗಳು ಆರಿಸಿದ್ದು ನೇರಳೆ ಬಣ್ಣದ ಖಣ. ಅದರ ಅಂಚು ಮೈಗೆ ಒತ್ತದಿರಲೆಂದು ರವಿಕೆಗೆ ಒಳಗಡೆ ಪೂರ್ತಿ ಮಲ್‌ಮಲ್ ಹಾಕಿಸಿ, ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕದಂತೆ ಲಂಗವನ್ನು ಪಾದದ ಗಂಟಿಗಿಂತ ಎರಡು ಇಂಚು ಮೇಲಕ್ಕೆ ನಿಲ್ಲಿಸಿದ್ದೇವೆ. ಅತ್ತೆಯವರು ಬಯಸಿದ್ದ ಜರತಾರಿ ರೇಷ್ಮೆ ಲಂಗ ಬೇಡವೆಂದಾಗ ಅವರಿಗೆ ಬೇಸರವಾಯಿತು, ನಿಜ. ಲಂಗ ರವಿಕೆ ಅಲ್ಲಿ ನಡೆಯುತ್ತದೆಯೇ ಎಂದು ನೆಂಟರೊಬ್ಬರು ಅನುಮಾನಪಟ್ಟರು. ಅತ್ಯಂತ ಕಟ್ಟುನಿಟ್ಟೆಂದು ಹೆಸರಾದ, ಕ್ಯುನಾರ್ಡ್ ಎಂಬ ಬ್ರಿಟಿಷ್ ಕಂಪನಿಯ ಹಡಗುಗಳಲ್ಲಿಯೂ ವಿಶೇಷ ರಾತ್ರಿಗಳಿಗೆ ಅವರವರ ನಾಡಿನ ಔಪಚಾರಿಕ ಉಡುಪು ಸಲ್ಲುತ್ತದೆ ಎಂದ ಮೇಲೆ ನಮ್ಮ ಖಣಕ್ಕೆ ಯಾವ ಅಡ್ಡಿ?

ಸಂಜೆ ಏಳೂವರೆಗೆ ಇಬ್ಬರಿಗೂ ಹೊಸ ಬಟ್ಟೆ ತೊಡಿಸಿ, ಮನೆಯ ಮೇಜಿನ ಮುಂದೆ ಒಂದೂವರೆ ಗಂಟೆ ಕೂರಿಸಿ ಊಟ ಬಡಿಸಿದೆ. ನೋಡಬೇಕಾಗಿದ್ದದ್ದೆಲ್ಲ ಆಗ ಕಂಡಿತು. ಮಗನ ತುಂಬುತೋಳಿನ ಅಂಗಿಯ ಕಫ್ ಎರಡನೆಯ ತುತ್ತಿಗೇ ಸಾರಿನ ಬಟ್ಟಲಿಗೆ ಅದ್ದಿ ಹಳದಿಯಾಯಿತು. ಕತ್ತಿನ ಮೇಲಿನ ಗುಂಡಿಯನ್ನು ಅವನು ನಾಲ್ಕು ಸಲ ಎಳೆದ. ಎಡಗೈ ಪ್ರತಿ ಸಲವೂ ಅಲ್ಲಿಗೇ ಹೋಗುತ್ತಿತ್ತು. ಮಗಳು ಮಾತ್ರ ಲಂಗದ ನೆರಿಗೆಯನ್ನು ತೊಡೆಯ ಕೆಳಗೆ ಮಡಚಿಕೊಂಡು, ಶಾಲೆಯ ಕಥೆ ಹೇಳುತ್ತ ಎರಡು ಚಪಾತಿ ತಿಂದಳು. ಬಟ್ಟೆಯ ಮಾತನ್ನೇ ಅವಳು ಎತ್ತಲಿಲ್ಲ, ನನ್ನ ಕಣ್ಣು ತುಂಬಿ ಬಂತು.

ಬಟ್ಟೆಯ ಜೊತೆ ಸೇರಿಸಬೇಕಾದವು ಇನ್ನೆರಡಿವೆ. ಡೈನಿಂಗ್ ಹಾಲಿನ ಎಸಿ ಚಳಿ ಹುಟ್ಟಿಸುವಷ್ಟಿರುತ್ತದೆಯಂತೆ. ಇಲ್ಲಿ ಫ್ಯಾನಿನ ಕೆಳಗೂ ಬೆವರುವ ಏಪ್ರಿಲ್ಲಿನಲ್ಲಿ ಸ್ವೆಟರಿನ ನೆನಪಾಗುವುದು ಕಷ್ಟ, ಆದರೂ ತೆಳುವಾದ ಎರಡು ಸ್ವೆಟರು ಇಟ್ಟೆ. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಅವರೇ ಒಯ್ದು, ಕೆಲವೊಮ್ಮೆ ಸಂಜೆಯ ಹೊತ್ತಿಗೆ ಕೋಣೆಗೆ ತಲುಪಿಸುತ್ತಾರೆ, ಆದ್ದರಿಂದ ಮೊದಲ ರಾತ್ರಿಯ ಊಟದ ಬಟ್ಟೆ, ಬೂಟು ಕೈಚೀಲದಲ್ಲಿಯೇ ಇರಬೇಕು. ಊಟಕ್ಕೆ ಐದೂವರೆಯ ಪಾಳಿಯನ್ನು ಬಿಟ್ಟು ಎಂಟರ ಪಾಳಿಯನ್ನು ಕೇಳಿದ್ದೇವೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿನ ಎಂಟು ಗಂಟೆ ನಮ್ಮ ಮಕ್ಕಳ ಹೊಟ್ಟೆಗೆ ಸಂಜೆ ಐದೂವರೆ. ಹೊಸ ಬಟ್ಟೆಯಲ್ಲಿ ತೂಕಡಿಸುತ್ತ ಕೂರುವ ಪ್ರಸಂಗ ಬರಲಾರದು.

ಮಗನ ಅಂಗಿಯ ಕಫನ್ನು ನಿಂಬೆಹುಳಿ, ಸಾಬೂನು ಹಚ್ಚಿ ನೆನೆಯಲು ಹಾಕಿದ್ದೇನೆ. ಸೋಮವಾರ ದರ್ಜಿಯವರ ಬಳಿ ಒಯ್ದು ಆ ತೋಳನ್ನು ಮೊಣಕೈವರೆಗೆ ಕತ್ತರಿಸಿಸಬೇಕು, ಕಾಲರನ್ನು ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಮಾಡಿಸಬೇಕು.